ಸುದ್ದಿ ಒಳ್ಳೇದೇ ಬಂತು, ಪ್ರೀಮಿಯಂ ಯಾಕೆ ಬಿತ್ತು?

ಪ್ರಶ್ನೆ: ಮೇಡಂ, ನಾನು ಡೊಂಬಿವ್ಲಿಯವನು, ಭಾಂಡೂಪಲ್ಲಿ ಒಂದು ಕಂಪನೀಲಿ ಅಕೌಂಟ್ಸ್ ನೋಡ್ಕೊಳ್ತೀನಿ. ಲೋಕಲಲ್ಲಿ ಜೊತೆಗೆ ಬರೋರು ಸುಮಾರು ಜನ ಆಪ್ಷನ್ ಮಾಡ್ತಾರೆ. ಚಿಪ್ ಮಷಿನ್ ಮಾಡೋ ವಿದೇಶಿ ಕಂಪನಿಗಳ ಸುದ್ದಿ ಚೆನ್ನಾಗಿತ್ತು ಅಂತ ಇಲ್ಲಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿದು, ರಿಸಲ್ಟ್ ಹಿಂದಿನ ದಿನ, 2,000 ಸ್ಟ್ರೈಕಿನ ಕಾಲ್, ಅಂದ್ರೆ ಎಕ್ಸ್‌ಪೈರಿಗೆ (ಅವಧಿ ಮುಗಿಯೋ ದಿನ) ಆ ಶೇರನ್ನ 2,000ಕ್ಕೆ ಕೊಳ್ಳೋ ಹಕ್ಕು, ಶೇರಿಗೆ 96 ರೂಪಾಯಿ ಪ್ರೀಮಿಯಂ ಕೊಟ್ಟು ತಗೊಂಡೆ, ಒಂದು ಲಾಟ್‌ಗೆ 300 ಶೇರು. ರಿಸಲ್ಟ್ ಚೆನ್ನಾಗೇ ಬಂತು, ಶೇರು 2,000ದಿಂದ 2,030ಕ್ಕೆ ಹೋಯ್ತು, ನನ್ನ ಕಾಲ್ ಮಾತ್ರ 64ಕ್ಕೆ ಇಳೀತು. 9,600 ರೂಪಾಯಿ ಹೋಯ್ತು. ಬ್ರೋಕರ್ ಏನಾದ್ರೂ ಮೋಸ ಮಾಡಿದ್ನಾ?

ಉತ್ತರ: ಇಲ್ಲ ಸರ್, ನೀವು ಹೇಳಿದ ಲೆಕ್ಕದಲ್ಲಿ ಮೋಸ ಏನೂ ಕಾಣ್ತಿಲ್ಲ. ನನಗೂ ಹಿಂದೊಮ್ಮೆ ಹೀಗೇ ಆಗಿತ್ತು, ಆ ರಾತ್ರಿ ನಿದ್ದೆ ಬಂದಿರ್ಲಿಲ್ಲ, ಹಾಗಾಗಿ ನಿಮ್ಮ ಕಾಗದ ಮೊದಲು ತಗೊಂಡೆ.

ಗಣೇಶ ಚೌತಿ ಹಿಂದಿನ ದಿನ ದಾದರ್ ಹೂವಿನ ಮಾರ್ಕೆಟ್‌ಗೆ ಹೋಗಿದ್ರೆ ನಿಮಗೆ ಗೊತ್ತಿರುತ್ತೆ, ಗೊಂಡೆಹೂವಿನ ರೇಟು ಕೇಳೋಕಾಗಲ್ಲ, ಹಬ್ಬ ಮುಗಿದ ಮೇಲೆ ಅದೇ ಹೂವನ್ನ ಕರೆದು ಕರೆದು ಕೊಡ್ತಾರೆ, ಹೂವೇನೂ ಕೆಟ್ಟಿರಲ್ಲ. ಆಪ್ಷನ್ ಪ್ರೀಮಿಯಂ ಕೂಡ ಅಷ್ಟೇ. ನೀವು ತಗೊಂಡಾಗ ಶೇರು 2,000ದಲ್ಲೇ ಇತ್ತು, ಅಂದ್ರೆ ಆ 96ರಲ್ಲಿ ನಿಜವಾದ ಹುರುಳು ಒಂದು ರೂಪಾಯೀನೂ ಇರ್ಲಿಲ್ಲ, ಪೂರ್ತಿ ದುಡ್ಡು "ನಾಳೆ ಏನೋ ಆಗುತ್ತೆ" ಅನ್ನೋ ನಿರೀಕ್ಷೆಗೆ ಕೊಟ್ಟಿದ್ದು. ರಿಸಲ್ಟ್ ಬಂದ ಕೂಡ್ಲೇ ಆ ನಿರೀಕ್ಷೆ ಖಾಲಿ. ಈಗ 64ರಲ್ಲಿ 30 ರೂಪಾಯಿ ಹುರುಳು, ಉಳಿದ 34 ಮಾತ್ರ ಮುಂದಿನ ದಿನಗಳ ಆಸೆ.

ಎನ್‌ಎಸ್‌ಇ ಶೇರು ಎಕ್ಸ್‌ಚೇಂಜಿನ ಆಪ್ಷನ್ ಚೈನ್ (ಎಲ್ಲ ಸ್ಟ್ರೈಕಿನ ಬೆಲೆ ತೋರಿಸೋ ಪಟ್ಟಿ) ತೆಗೆದ್ರೆ ಐವಿ ಅಂತ ಒಂದು ಕಾಲಂ ಇರುತ್ತೆ, ಲೋಕಲಲ್ಲಿ ನಿಮ್ಮ ಜೊತೆಗಾರರು ಅದನ್ನ ನೋಡೋದು ನನಗೆ ಅನುಮಾನ. ಶೇರು ಎಷ್ಟು ಜೋರಾಗಿ ಅಲ್ಲಾಡಬಹುದು ಅಂತ ಮಾರ್ಕೆಟ್ ಅಂದಾಜು ಮಾಡ್ತಿದೆ ಅನ್ನೋದೇ ಐವಿ. ರಿಸಲ್ಟ್ ಮುಂಚೆ ಅದು ಏರುತ್ತೆ, ಮಾರನೇ ದಿನ ಧಡ್ ಅಂತ ಬೀಳುತ್ತೆ. ನೀವು ಗೆಲ್ಲಬೇಕಿದ್ರೆ ಸುದ್ದಿ ಒಳ್ಳೇದಾದ್ರೆ ಸಾಲ್ದು, ಎಲ್ಲರೂ ಅಂದ್ಕೊಂಡಿದ್ದಕ್ಕಿಂತ ಒಳ್ಳೇದಾಗಿರಬೇಕು, ಎಕ್ಸ್‌ಪೈರಿ ತನಕ ಇಟ್ಕೊಂಡ್ರೆ ಶೇರು 2,096 ದಾಟಬೇಕು.

ಇನ್ನು ಚಿಪ್ ಮಷಿನ್ ಸುದ್ದಿ. ನೆದರ್‌ಲ್ಯಾಂಡ್ಸ್‌ನ ಎಎಸ್‌ಎಂಎಲ್, ಅಮೆರಿಕದ ಅಪ್ಲೈಡ್ ಮೆಟೀರಿಯಲ್ಸ್, ಲ್ಯಾಮ್ ರಿಸರ್ಚ್, ಕೆಎಲ್‌ಎ, ಜಪಾನಿನ ಟೋಕಿಯೊ ಎಲೆಕ್ಟ್ರಾನ್, ಇವರಲ್ಲಿ ಒಬ್ಬರೂ ನಮ್ಮಲ್ಲಿ ಲಿಸ್ಟ್ ಆಗಿಲ್ಲ, ಅಲ್ಲಿನ ಸುದ್ದಿ ನೋಡಿ ಇಲ್ಲಿನ ಇನ್ನೊಂದು ಕಂಪನಿ ಕಾಲ್ ತಗೊಳ್ಳೋದು ಅಂದ್ರೆ ಪಕ್ಕದ ಮನೆ ಜಾತಕ ನೋಡಿ ನಮ್ಮ ಮನೆ ಮದುವೆ ನಿಶ್ಚಯ ಮಾಡಿದ ಹಾಗೆ. ಅಲ್ಲದೆ ಆ ಕಂಪನಿಗಳ ಸುದ್ದಿ ಓದೋದೇ ಬೇರೆ ರೀತಿ. 2024ರ ಅಕ್ಟೋಬರ್ 15ಕ್ಕೆ ಎಎಸ್‌ಎಂಎಲ್ ರಿಸಲ್ಟ್ ತಾಂತ್ರಿಕ ತಪ್ಪಿನಿಂದ ಒಂದು ದಿನ ಮುಂಚೆನೇ ಹೊರಗೆ ಬಂದ್ಬಿಡ್ತು. ಆ ತ್ರೈಮಾಸಿಕದ ಮಾರಾಟ ಸುಮಾರು 7.5 ಬಿಲಿಯನ್ ಯೂರೋ, ಚೆನ್ನಾಗೇ ಇತ್ತು. ಆದ್ರೆ ಹೊಸ ಆರ್ಡರ್ ಬರೀ 2.6 ಬಿಲಿಯನ್, ಜನ ಕಾಯ್ತಿದ್ದದ್ದು ಅದರ ಎರಡು ಪಟ್ಟು. 2025ರ ಮಾರಾಟದ ಅಂದಾಜನ್ನೂ 30ರಿಂದ 40 ಬಿಲಿಯನ್ ಇದ್ದದ್ದನ್ನ 30ರಿಂದ 35ಕ್ಕೆ ಇಳಿಸಿದ್ರು. ಒಂದೇ ದಿನದಲ್ಲಿ ಶೇರು ಸುಮಾರು ಶೇಕಡ 16 ಬಿತ್ತು, ಲ್ಯಾಮ್, ಅಪ್ಲೈಡ್, ಕೆಎಲ್‌ಎ ಮೂರೂ ಶೇಕಡ 10ಕ್ಕಿಂತ ಹೆಚ್ಚು ಇಳಿದ್ವು.

ಯಾಕಂದ್ರೆ ಈ ಮಷಿನ್‌ಗಳು ಇವತ್ತು ಆರ್ಡರ್ ಕೊಟ್ಟು ನಾಳೆ ತಗೊಂಡು ಹೋಗೋ ಮಾಲಲ್ಲ. ಎಎಸ್‌ಎಂಎಲ್‌ನ ಇಯುವಿ ಮಷಿನ್ (ಬೆಳಕಿಂದ ಚಿಪ್ ಮೇಲೆ ಅತಿ ಸಣ್ಣ ವಿನ್ಯಾಸ ಮೂಡಿಸೋದು) ಒಳಗೆ ಸೆಕೆಂಡಿಗೆ 50,000 ತವರದ ಹನಿ ಬೀಳುತ್ತೆ, ಒಂದೊಂದಕ್ಕೂ ಲೇಸರ್ ಹೊಡೆದು ಬೆಳಕು ಮಾಡ್ತಾರೆ, ಈ ಮಷಿನ್ ಮಾಡೋರು ಪ್ರಪಂಚದಲ್ಲಿ ಅವರೊಬ್ಬರೇ. ಇವತ್ತಿನ ಮಾರಾಟ ಹಳೇ ಆರ್ಡರಿನ ಫಲ, ಮುಂದಿನ ವರ್ಷ ಹೇಗಿರುತ್ತೆ ಅಂತ ಹೇಳೋದು ಆರ್ಡರ್ ಬುಕ್ಕು. ಇದರ ಜೊತೆ ಸರ್ಕಾರದ ನಿರ್ಬಂಧ ಬೇರೆ, 2022ರ ಅಕ್ಟೋಬರ್ 7ಕ್ಕೆ ಅಮೆರಿಕ ಚೀನಾಕ್ಕೆ ಚಿಪ್ ಮಷಿನ್ ಕಳಿಸೋದಕ್ಕೆ ಕಡಿವಾಣ ಹಾಕ್ತು, 2023ರಲ್ಲಿ ಜಪಾನ್, ನೆದರ್‌ಲ್ಯಾಂಡ್ಸ್ ಕೂಡ ಅದೇ ದಾರಿ ಹಿಡಿದ್ವು. ಅಂಥ ಆದೇಶ ರಿಸಲ್ಟ್ ಥರ ತಾರೀಖು ಹೇಳಿ ಬರಲ್ಲ.

ಶೇರು ಮಾರ್ಕೆಟ್ ನಿಯಂತ್ರಿಸೋ ಸೆಬಿ ಲೆಕ್ಕದ ಪ್ರಕಾರ 2022ರಿಂದ 2024ರ ಮೂರು ಹಣಕಾಸು ವರ್ಷದಲ್ಲಿ ಎಫ್ ಆಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಮಾಡಿದ ನೂರು ಜನ ಸಾಮಾನ್ಯರಲ್ಲಿ 93 ಜನ ಕಳ್ಕೊಂಡಿದ್ದಾರೆ. ದಯವಿಟ್ಟು ಆ 9,600 ವಾಪಸ್ ಗಳಿಸೋಕೆ ಅಂತ ಇನ್ನೊಂದು ಲಾಟ್ ತಗೋಬೇಡಿ ಸರ್.

ಪ್ರಶ್ನೆ: ಪುಣೆ ಹಿಂಜವಡಿಯಲ್ಲಿ ಕೆಲಸ ಮಾಡ್ತೀನಿ. ಅಮೆರಿಕಕ್ಕೇ ದುಡ್ಡು ಕಳಿಸಿ ಎಎಸ್‌ಎಂಎಲ್ ಆಪ್ಷನ್ ತಗೋಬಹುದಾ?

ಉತ್ತರ: ಬೇಡಮ್ಮ. ವಿದೇಶಕ್ಕೆ ದುಡ್ಡು ಕಳಿಸೋಕೆ ಇರೋ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಿ ಶೇರು ತಗೋಬಹುದು, ಆದ್ರೆ ವಿದೇಶಿ ಎಕ್ಸ್‌ಚೇಂಜಿಗೆ ಮಾರ್ಜಿನ್ (ವ್ಯವಹಾರಕ್ಕೆ ಇಡೋ ಠೇವಣಿ) ಅಂತ ಕಳಿಸೋ ಹಾಗಿಲ್ಲ, ಆಪ್ಷನ್ ಥರದ ಡೆರಿವೇಟಿವ್ಸ್‌ಗೆ ಅಲ್ಲಿ ಜಾಗ ಇಲ್ಲ. ಆ್ಯಪ್ ಬಟನ್ ತೋರಿಸ್ತಿದೆ ಅಂತ ಒತ್ತಬೇಡಿ. ಶೇರು ತಗೊಂಡ್ರೆ ಐಟಿ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸೋ ಶೆಡ್ಯೂಲ್ ಎಫ್‌ಎನಲ್ಲಿ ತೋರಿಸಿ.

ಪ್ರಶ್ನೆ: ಮಡಗಾಂವಿಂದ ಬರೀತಿದ್ದೀನಿ. ಕಾಲ್ ಲಾಭದಲ್ಲಿದೆ, ಎಕ್ಸ್‌ಪೈರಿ ತನಕ ಹಾಗೇ ಬಿಟ್ರೆ ಲಾಭ ಅಕೌಂಟಿಗೆ ಬರುತ್ತಲ್ವಾ?

ಉತ್ತರ: ನಿಫ್ಟಿ ಆದ್ರೆ ಬರುತ್ತೆ, ಕಂಪನಿ ಶೇರಿನ ಆಪ್ಷನ್ ಆದ್ರೆ ಶೇರೇ ಬರುತ್ತೆ. ಡೊಂಬಿವ್ಲಿಯವರ ಲಾಟೇ ತಗೊಳ್ಳಿ, 300 ಶೇರಿಗೆ 2,000ದ ಹಾಗೆ 6 ಲಕ್ಷ ರೂಪಾಯಿ ಕಟ್ಟಬೇಕಾಗುತ್ತೆ, ಎಕ್ಸ್‌ಪೈರಿಗೆ ನಾಲ್ಕು ದಿನ ಇರೋವಾಗಿಂದಲೇ ಬ್ರೋಕರ್ ಡೆಲಿವರಿ ಮಾರ್ಜಿನ್ (ಶೇರು ತಗೊಳ್ಳೋದಕ್ಕೆ ಠೇವಣಿ) ಕೇಳೋಕೆ ಶುರು ಮಾಡ್ತಾರೆ. ಅಷ್ಟು ದುಡ್ಡು ಇಲ್ಲದಿದ್ರೆ ಅದಕ್ಕಿಂತ ಮುಂಚೆನೇ ಮಾರಿ ಹೊರಗೆ ಬನ್ನಿ, ಇವತ್ತೇ ಎಕ್ಸ್‌ಪೈರಿ ತಾರೀಖು ನೋಡಿ.