ಒಬ್ಬನನ್ನೇ ಸೇರಿಸಿ ಬಂದರೆ ಸಾಲದು, ಮೇಷ್ಟ್ರೇ

ಓದುಗರ ಪತ್ರ:

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು. ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮಗನಿಗೆ ಮೂವತ್ತನಾಲ್ಕು ವರ್ಷ, ಹತ್ತು ವರ್ಷದಿಂದ ಕುಡಿತ. ಎರಡು ವ್ಯಸನಮುಕ್ತಿ ಕೇಂದ್ರಗಳಲ್ಲಿ ಒಟ್ಟು ಐದು ತಿಂಗಳು ಇರಿಸಿದೆವು. ಮೊದಲ ಸಲ ಹೊರಬಂದ ಹದಿನೆಂಟನೆಯ ದಿನ, ಎರಡನೆಯ ಸಲ ಊರ ಜಾತ್ರೆಯ ದಿನ ಮತ್ತೆ ಕುಡಿದ. ಈಗ ಸೇರಿಸಿರುವ ಕೇಂದ್ರದವರು ನಾನು, ನನ್ನ ಹೆಂಡತಿ, ಸೊಸೆ ಮೂವರೂ ಎರಡು ವಾರ ಬಂದು ಇರಬೇಕೆನ್ನುತ್ತಾರೆ. ಅಲ್ಲಿನ ಆಪ್ತಸಮಾಲೋಚಕಿ, ಅವನು ಏಳನೆಯ ತರಗತಿಯಲ್ಲಿ ಹಾಸ್ಟೆಲಿನಿಂದ ಓಡಿಬಂದದ್ದರ ಬಗ್ಗೆ ಕೇಳುತ್ತಾರೆ. ಅದಕ್ಕೂ ಬ್ರಾಂದಿಗೂ ಏನು ಸಂಬಂಧ? ರೋಗ ಅವನಿಗೆ, ಚಿಕಿತ್ಸೆಗೆ ನಾವೇಕೆ? ಮನೋಬಲವಿಲ್ಲದವನಿಗೆ ಹಳೆಯ ಕಥೆ ಕೆದಕಿ ನೆಪ ಒದಗಿಸಿದಂತಾಗುವುದಿಲ್ಲವೇ? ಸೋಮವಾರದೊಳಗೆ ತಿಳಿಸಬೇಕಂತೆ. ದಯವಿಟ್ಟು ಹೆಸರು, ಊರು ಹಾಕಬೇಡಿ.

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ನಾಲ್ಕು ಪುಟವಿದೆ. ಜಾಗದ ಕೊರತೆಯಿಂದ ಇಷ್ಟೇ ಅಚ್ಚು ಹಾಕಿದ್ದೇವೆ. ನಾನು ಮಾತ್ರ ನಾಲ್ಕೂ ಪುಟಗಳನ್ನು ಮೂರು ಸಲ ಓದಿದೆ. ಅದರಲ್ಲಿ ಮೂರೂವರೆ ಪುಟ ಖರ್ಚಾದ ಹಣ, ಮುರಿದ ಆಣೆ, ಮಾರಿದ ಅಡಿಕೆ ತೋಟ, ನೆಂಟರ ಮಾತು. ಹಾಸ್ಟೆಲಿನ ವಿಷಯ ಒಂದೂವರೆ ಸಾಲು: ಓಡಿಬಂದ, ಮರುದಿನವೇ ಬಸ್ಸಿಗೆ ಕೂರಿಸಿಕೊಂಡು ಹೋಗಿ ಬಿಟ್ಟು ಬಂದೆ. ಯಾಕೆ ಓಡಿಬಂದ ಎಂಬುದು ನಾಲ್ಕು ಪುಟಗಳಲ್ಲಿ ಎಲ್ಲಿಯೂ ಇಲ್ಲ. ನೀವು ಬಚ್ಚಿಟ್ಟಿದ್ದೀರಿ ಎಂದು ಹೇಳುತ್ತಿಲ್ಲ. ನಿಮಗೆ ಗೊತ್ತೇ ಇಲ್ಲವೆಂದು ನನಗನ್ನಿಸುತ್ತದೆ. ಆ ಕಾಲದಲ್ಲಿ ನಮ್ಮಲ್ಲಿ ಯಾವ ಅಪ್ಪ ಕೇಳುತ್ತಿದ್ದ? ಆ ಆಪ್ತಸಮಾಲೋಚಕಿ ಇಪ್ಪತ್ತೆರಡು ವರ್ಷ ತಡವಾಗಿಯಾದರೂ ಆ ಪ್ರಶ್ನೆ ಕೇಳಿದ್ದಾರೆ. ಅವರ ಮೇಲೆ ನಿಮಗೆ ಸಿಟ್ಟು ಬಂದಿದೆ. ನನಗೆ ಅವರ ಕೈ ಹಿಡಿದು ಕೃತಜ್ಞತೆ ಹೇಳಬೇಕೆನಿಸುತ್ತಿದೆ.

ಕಾರಣ ಹೇಳುತ್ತೇನೆ. ನನ್ನ ಸೋದರಮಾವ ಕುಡಿದು ಕುಡಿದು ನಲವತ್ತೇಳನೆಯ ವಯಸ್ಸಿಗೆ ತೀರಿಕೊಂಡರು. ಬಹಳ ಒಳ್ಳೆಯ ಮನುಷ್ಯ, ಭತ್ತದ ಪೈರಿನ ಬಣ್ಣ ನೋಡಿಯೇ ರೋಗ ಹೇಳುತ್ತಿದ್ದವರು. ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ಹಿತ್ತಲಿನ ಬಾವಿಯಿಂದ ಒಂದು ದಿನವೂ ನೀರು ಸೇದುತ್ತಿರಲಿಲ್ಲ. ಚಳಿಗಾಲದಲ್ಲೂ ಅರ್ಧ ಮೈಲಿ ನಡೆದು ಕಾಲುವೆಗೆ ಹೋಗಿ ಸ್ನಾನ ಮಾಡಿ ಬರುತ್ತಿದ್ದರು. ರಾಟೆ ಕಿರುಗುಟ್ಟಿದರೆ ಊಟದ ನಡುವೆಯೇ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದರು. ನಾವು ಮಕ್ಕಳೆಲ್ಲ ಅವರನ್ನು ಹೆದರಿಸಲೆಂದು ಖಾಲಿ ಕೊಡಪಾನವನ್ನು ಬಾವಿಗಿಳಿಸಿ ರಾಟೆ ತಿರುಗಿಸಿ ನಗುತ್ತಿದ್ದೆವು. ಅವರ ವೈಕುಂಠ ಸಮಾರಾಧನೆಯ ದಿನ, ಎಲೆ ಎತ್ತಿದ ಮೇಲೆ, ನನ್ನ ತಾಯಿ ಮೊದಲ ಬಾರಿಗೆ ಹೇಳಿದರು. ಮಾವನಿಗೆ ಎಂಟು ವರ್ಷವಾಗಿದ್ದಾಗ, ತಮ್ಮನನ್ನು ನೋಡಿಕೋ ಎಂದು ಹೇಳಿ ಅಜ್ಜಿ ಗದ್ದೆಗೆ ಹೋಗಿದ್ದರಂತೆ. ಮೂರು ವರ್ಷದ ಆ ಮಗು ಬಾವಿಗೆ ಬಿತ್ತು. ಅಂದಿನಿಂದ ಮನೆಯಲ್ಲಿ ಆ ಮಗುವಿನ ಹೆಸರನ್ನೇ ಯಾರೂ ಎತ್ತಲಿಲ್ಲ. ಎಂಟು ವರ್ಷದ ಹುಡುಗನಿಗೆ ನಿನ್ನ ತಪ್ಪಲ್ಲ ಎಂದು ಒಬ್ಬರೂ ಹೇಳಲಿಲ್ಲ. ಅವನಿಗೆ ಏನು ತಿಳಿಯುತ್ತದೆ, ಮರೆಯುತ್ತಾನೆ ಬಿಡಿ ಎಂದುಕೊಂಡರು. ಮಾವನನ್ನು ನಾಲ್ಕು ಸಲ ಆಸ್ಪತ್ರೆಗೆ ಸೇರಿಸಿದ್ದೆವು. ನಾಲ್ಕು ಸಲವೂ ಅವರು ಸ್ವಚ್ಛವಾಗಿ ಗುಣವಾಗಿ ಬಂದು, ಅದೇ ಹಿತ್ತಲಿನ ಅದೇ ಬಾವಿಯ ಮನೆಗೆ ಮರಳಿದರು.

ನಿಮ್ಮ ಮಾತಿನಲ್ಲೂ ನಿಜವಿದೆ, ಇಲ್ಲವೆನ್ನುವುದಿಲ್ಲ. ಗಟ್ಟಿ ಮನಸ್ಸು ಬೇಕು, ಔಷಧಿ ಬೇಕು, ಹೊತ್ತಿಗೆ ಸರಿಯಾದ ದಿನಚರಿಯೂ ಬೇಕು. ಕುಡಿತ ಕೆಲವು ವಂಶಗಳಲ್ಲಿ ರಕ್ತದಲ್ಲೇ ಬರುತ್ತದೆ ಎಂಬುದೂ ಸುಳ್ಳಲ್ಲ. ಮೊದಲ ವಾರವಂತೂ ಪೂರ್ತಿ ವೈದ್ಯರದ್ದು. ವರ್ಷಗಟ್ಟಲೆ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್, ಗೋಡೆಯ ಮೇಲೆ ಹುಳು ಹರಿದಂತೆ ಕಾಣುವ ಭ್ರಮೆ ಎಲ್ಲ ಬರಬಹುದು, ಜೀವವೇ ಹೋಗಬಹುದು. ಆಗ ಬೇಕಾದದ್ದು ನಡುಕ, ಫಿಟ್ಸ್ ತಡೆಯುವ ಔಷಧಿ, ಥಯಾಮಿನ್ ಎಂಬ ಬಿ1 ವಿಟಮಿನ್ನಿನ ಇಂಜೆಕ್ಷನ್, ನಿದ್ರೆ, ಕಾವಲು. ಆ ದಿನಗಳಲ್ಲಿ ಹಳೆಯ ಗಾಯ ಮುಟ್ಟಲೇಬಾರದು. ಮುಟ್ಟಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು. ಬಲ್ಲವರು ಮೊದಲು ದೇಹವನ್ನು, ಆಮೇಲೆ ನಿದ್ದೆಯನ್ನು ಹತೋಟಿಗೆ ತಂದು, ಭಯ ಬಂದಾಗ ಬಾಟಲಿಯಿಲ್ಲದೆ ನಿಭಾಯಿಸುವ ದಾರಿ ಕಲಿಸಿ, ನಂತರವೇ ಕೇಳುತ್ತಾರೆ. ನಿಮ್ಮ ಮಗನಿಗೆ ಅಲ್ಲಿ ಐದನೆಯ ವಾರದಲ್ಲಿ ಕೇಳಿದ್ದಾರೆಂದು ನೀವೇ ಬರೆದಿದ್ದೀರಿ. ಅಂದರೆ ಅವರಿಗೆ ಕೆಲಸ ಗೊತ್ತಿದೆ.

ಬ್ರಾಂದಿಗೂ ಹಾಸ್ಟೆಲಿಗೂ ಸಂಬಂಧವೇನು ಎಂದು ಕೇಳಿದ್ದೀರಿ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟಿ ಎಂಬ ವೈದ್ಯರು ಸ್ಥೂಲಕಾಯದವರಿಗೆ ತೂಕ ಇಳಿಸುವ ಚಿಕಿತ್ಸಾಲಯ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಸಿಕೊಂಡವರೇ ಇದ್ದಕ್ಕಿದ್ದಂತೆ ಚಿಕಿತ್ಸೆ ಬಿಟ್ಟು ಹೋಗುವುದನ್ನು ಕಂಡು ಅವರನ್ನು ಕೂರಿಸಿಕೊಂಡು ಮಾತನಾಡಿಸಿದರು. ಅನೇಕರ ಬಾಲ್ಯದಲ್ಲಿ ದೌರ್ಜನ್ಯವಿತ್ತು. ಅಲ್ಲಿಂದ ಶುರುವಾದ ಅಧ್ಯಯನವನ್ನು ಅವರು ರಾಬರ್ಟ್ ಆಂಡಾ ಮತ್ತು ಇತರರೊಡನೆ 1998ರಲ್ಲಿ ಪ್ರಕಟಿಸಿದರು. ಒಂಬತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಬಾಲ್ಯದ ಬಗ್ಗೆ ಕೇಳಿದ್ದರು: ಹೊಡೆತ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲಿನ ಹಿಂಸೆ, ಮನೆಯಲ್ಲಿ ಕುಡಿಯುವವರು ಹೀಗೆ. ಇಂಥ ನಾಲ್ಕು ಅಥವಾ ಹೆಚ್ಚು ಬಗೆಯ ಅನುಭವಗಳಿದ್ದವರಲ್ಲಿ, ಒಂದೂ ಇಲ್ಲದವರಿಗಿಂತ, ಕುಡಿತದ ಚಟ, ಮಾದಕವಸ್ತು, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಿತ್ತು. ಇವರು ಕೊಳೆಗೇರಿಯ ಜನರಲ್ಲ, ವಿಮೆಯಿದ್ದ ಮಧ್ಯಮ ವರ್ಗದವರು, ನಮ್ಮ ನಿಮ್ಮಂಥವರು.

ಇನ್ನೊಂದು ಸಂಗತಿ ಕೇಳಿ. ವಿಯೆಟ್ನಾಂ ಯುದ್ಧದಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬ ಅಮೆರಿಕನ್ ಸೈನಿಕ ಹೆರಾಯಿನ್‌ಗೆ ದಾಸನಾಗಿದ್ದ. ಇವರೆಲ್ಲ ಊರಿಗೆ ಬಂದರೆ ಗತಿಯೇನೆಂದು ಸರ್ಕಾರ ನಡುಗಿತು. ಲೀ ರಾಬಿನ್ಸ್ ಎಂಬ ವಿದುಷಿ ಬೆನ್ನು ಹತ್ತಿ ಹೋಗಿ ನೋಡಿದರೆ, ಮರಳಿದ ಮೊದಲ ವರ್ಷದಲ್ಲಿ ಮತ್ತೆ ದಾಸರಾದವರು ನೂರಕ್ಕೆ ಐವರ ಆಸುಪಾಸು. ಅವರು ಚಟವನ್ನು ಯುದ್ಧಭೂಮಿಯಲ್ಲಿ ಬಿಟ್ಟು ಮನೆಗೆ ಬಂದರು. ನಿಮ್ಮ ಮಗನದು ತಿರುವುಮುರುವು. ಅವನು ಕೇಂದ್ರದಲ್ಲಿ ಕುಡಿತ ಬಿಡುತ್ತಾನೆ, ಬಂದು ಸೇರುವುದು ಮಾತ್ರ ಅವನ ಯುದ್ಧ ಮುಗಿಯದೇ ಉಳಿದಿರುವ ಮನೆಗೆ. ಈ ಮಾತಿನಿಂದ ನಿಮಗೆ ನೋವಾಗುತ್ತದೆಂದು ಗೊತ್ತು. ಕುಡಿತಕ್ಕೆ ಕಾರಣ ನೀವು ಎಂದು ನಾನು ಹೇಳುತ್ತಿಲ್ಲ, ಆ ಕೇಂದ್ರದವರೂ ಹೇಳುವುದಿಲ್ಲ. ಆದರೆ ಅವನು ಬದುಕಬೇಕಾದದ್ದು ನಿಮ್ಮೊಡನೆ ತಾನೇ?

ಮನೆಯವರನ್ನು ಒಳಗೆ ಕರೆಯುವುದು ಹೊಸ ಫ್ಯಾಷನ್ ಎಂದು ನೀವು ಬರೆದಿದ್ದೀರಿ. ಖಂಡಿತ ಅಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಜೊತೆಗೆ ಇರಿಸಿಕೊಂಡರು. ವೆಲ್ಲೂರಿನಲ್ಲಿ ಅದೇ ಪದ್ಧತಿ ಬೇರೂರಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಒಂದು ಕೇಂದ್ರವಿರುವಂತೆ ಕುಟುಂಬ ಮನೋವೈದ್ಯಕ್ಕೂ ಪ್ರತ್ಯೇಕ ಕೇಂದ್ರವಿದೆ. ಚೆನ್ನೈನ ಶಾಂತಿ ರಂಗನಾಥನ್ ಅವರ ಹೆಸರನ್ನಂತೂ ನೀವು ಕೇಳಲೇಬೇಕು. ಪ್ರಸಿದ್ಧ ಉದ್ಯಮಿ ಕುಟುಂಬದ ಸೊಸೆ. ಗಂಡ ಟಿ.ಟಿ. ರಂಗನಾಥನ್ ಕುಡಿತದಿಂದಲೇ 1979ರಲ್ಲಿ ತೀರಿಕೊಂಡರು. ವಿಧವೆಯಾದ ಆ ಹೆಣ್ಣುಮಗಳು ಬಾಗಿಲು ಹಾಕಿಕೊಂಡು ಕೂರಲಿಲ್ಲ, ಅಮೆರಿಕಕ್ಕೆ ಹೋಗಿ ತರಬೇತಿ ಪಡೆದು ಬಂದರು. 1980ರಲ್ಲಿ ಗಂಡನ ಹೆಸರಿನಲ್ಲೇ ಪ್ರತಿಷ್ಠಾನ ಸ್ಥಾಪಿಸಿದರು. ಗಂಡ ಕುಡಿತದಿಂದ ಸತ್ತನೆಂಬುದನ್ನು ಮುಚ್ಚಿಡದೆ ಆ ಹೆಸರನ್ನೇ ಬಾಗಿಲ ಮೇಲೆ ಬರೆಸಲು ಎಂಥ ಎದೆಗಾರಿಕೆ ಬೇಕು! ಅವರ ಆಸ್ಪತ್ರೆಯಲ್ಲಿ ರೋಗಿಗೆ ಒಂದು ತಿಂಗಳ ಚಿಕಿತ್ಸೆಯಾದರೆ ಮನೆಯವರಿಗೆ ಎರಡು ವಾರದ ಚಿಕಿತ್ಸೆ. 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚಟ ಒಬ್ಬನದು, ಕಾಯಿಲೆ ಇಡೀ ಮನೆಯದು ಎಂಬುದನ್ನು ಅವರು ಅನುಭವಿಸಿ ತಿಳಿದವರು.

ನಮ್ಮ ನಾಡಿನಲ್ಲೂ ಇದರ ನೆನಪಿದೆ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯವರು ಹಳ್ಳಿಹಳ್ಳಿಗಳಲ್ಲಿ ನಡೆಸಿರುವ ಮದ್ಯವರ್ಜನ ಶಿಬಿರಗಳು ಸಾವಿರ ದಾಟಿವೆ. ಶಿಬಿರದ ಎಂಟು ದಿನದಲ್ಲಿ ಗಾಯ ಮಾಯುತ್ತದೆಂದು ನಾನು ನಂಬುವುದಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಒಂದು ಸಮುದಾಯ ಭವನದಲ್ಲಿ ನಡೆದ ಶಿಬಿರದಲ್ಲಿ ಕಂಡದ್ದನ್ನು ಹೇಳದಿರಲಾರೆ. ಹೆಂಡತಿ ಮಕ್ಕಳು ಬಂದಿದ್ದ ದಿನವದು. ಒಂದು ಕಡೆ ಗಂಡಸರು, ಎದುರಿಗೆ ಮನೆಯವರು ಚಾಪೆಯ ಮೇಲೆ. ಹತ್ತು ವರ್ಷದ ಒಬ್ಬ ಹುಡುಗಿಗೆ ಅಪ್ಪನಿಗೆ ಏನಾದರೂ ಹೇಳಮ್ಮ ಎಂದರು. ಅವಳು ಬಹಳ ಹೊತ್ತು ಲಂಗದ ಅಂಚನ್ನು ಸುತ್ತುತ್ತ ಬಿಚ್ಚುತ್ತ ಕುಳಿತಿದ್ದು, ಕೊನೆಗೆ ಹೇಳಿದ್ದು ಇಷ್ಟೇ: "ಅಪ್ಪ ಗೇಟಿನ ಚಿಲಕ ಒಂದೇ ಸಲಕ್ಕೆ ತೆಗೆದರೆ ನಾನು ಓದುತ್ತಾ ಕೂರುತ್ತೇನೆ. ಎರಡು ಮೂರು ಸಲ ಸದ್ದಾದರೆ ತಮ್ಮನನ್ನು ಕರೆದುಕೊಂಡು ಅಟ್ಟಕ್ಕೆ ಹೋಗುತ್ತೇನೆ." ಎದುರಿಗಿದ್ದ ಅಪ್ಪ ತಲೆ ಎತ್ತಲಿಲ್ಲ. ಪಕ್ಕದಲ್ಲಿ ಕುಳಿತಿದ್ದ, ಅವನಿಗೆ ಸಂಬಂಧವೇ ಇಲ್ಲದ ಮುದುಕನೊಬ್ಬ ಅಳತೊಡಗಿದ. ಆ ಮುದುಕನಿಗೆ ಯಾವ ಚಿಲಕ ನೆನಪಾಯಿತೋ! ಅವನನ್ನು ಯಾರೂ ಕೇಳಲಿಲ್ಲ, ಊಟದ ಗಂಟೆಯಾಯಿತು. ನಮ್ಮ ಶಿಬಿರಗಳು ನಿಲ್ಲುವುದು ಅಲ್ಲೇ, ನಿಮ್ಮ ಮಗನಿಗೆ ಸಿಕ್ಕಿರುವ ಚಿಕಿತ್ಸೆ ಮುಂದುವರಿಯುವುದೂ ಅಲ್ಲಿಂದಲೇ.

ಈ ವಿಷಯ ಬಂದರೆ ನನಗೆ ಸಿಟ್ಟು ತಡೆಯುವುದಿಲ್ಲ. ಹೆದ್ದಾರಿ ಬದಿಯಲ್ಲಿ ಬೋರ್ಡು ಹಾಕಿಕೊಂಡಿರುವ ಎಷ್ಟು ಕೇಂದ್ರಗಳು ಮಾಡುವುದು ಏನು? ಮಧ್ಯರಾತ್ರಿ ವ್ಯಾನು ತಂದು ಮಲಗಿದವನನ್ನು ಹೊತ್ತೊಯ್ಯುವುದು, ಮೂರು ತಿಂಗಳು ಬೀಗ ಹಾಕುವುದು, ಫೋನೂ ಇಲ್ಲ, ಭೇಟಿಯೂ ಇಲ್ಲ. ಎದುರು ಮಾತನಾಡಿದರೆ ಹೊಡೆತ. ಬಾಲ್ಯದಲ್ಲಿ ಕೋಣೆಯಲ್ಲಿ ಕೂಡಿಹಾಕಿಸಿಕೊಂಡು ಏಟು ತಿಂದವನನ್ನು ಮತ್ತೆ ಕೂಡಿಹಾಕಿ ಬಡಿಯುವುದು ಯಾವ ಚಿಕಿತ್ಸೆ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಮಾನಸಿಕ ರೋಗಿಗಳ ಆಶ್ರಯತಾಣದಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಿಗಿದಿದ್ದ ಇಪ್ಪತ್ತೆಂಟು ಜನ ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ, ಕುಡಿತ ಮತ್ತು ಮಾದಕವಸ್ತುಗಳಿಂದಾಗುವ ಮನೋವಿಕಾರಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ನೋಂದಣಿಯಿಲ್ಲದ ಜಾಗಕ್ಕೆ ಮಗನನ್ನು ಕೊಟ್ಟು ಬರುವ ಮೊದಲು ನಾವೇಕೆ ಒಂದು ಕಾಗದ ಕೇಳುವುದಿಲ್ಲ? ನೀವು ಮೊದಲು ಸೇರಿಸಿದ್ದ ಕೇಂದ್ರದಲ್ಲಿ ಭೇಟಿಗೆ ಬಿಡಲಿಲ್ಲ, ಅದೇ ಒಳ್ಳೆಯದಾಯಿತು ಎಂದು ಬರೆದಿದ್ದೀರಿ. ಆ ವಾಕ್ಯ ಓದಿ ನನಗೆ ಸಂಕಟವಾಯಿತು.

ಪತ್ರಿಕೆಗಳ ಮೂಲೆಯಲ್ಲಿ ಬರುವ "ಗೊತ್ತಾಗದಂತೆ ಕುಡಿತ ಬಿಡಿಸುವ ಪುಡಿ" ಜಾಹೀರಾತು ಇನ್ನೊಂದು. ಅಂಥ ಮದ್ದಿನಲ್ಲಿ ಏನು ಬೆರೆಸಿರುತ್ತಾರೋ ಹೇಳಲಾಗದು. ಕುಡಿದರೆ ಮೈಗೆ ಒಗ್ಗದಂತೆ ಮಾಡಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನೇ ಕುಡಿಯುವವನಿಗೆ ತಿಳಿಯದಂತೆ ಸಾರಿಗೆ ಬೆರೆಸಿ, ಅವನು ಕುಡಿದು ಬಂದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಸಂಚಕಾರ ಬರಬಹುದು. ನಮ್ಮ ಪತ್ರಿಕೆಗೆ ಇಂಥ ಜಾಹೀರಾತು ಬಂದಾಗಲೆಲ್ಲ ಹಿಂದಿರುಗಿಸಿದ್ದೇವೆ. ಮನೆಯವರು ಚಿಕಿತ್ಸೆಯಲ್ಲಿ ಪಾಲ್ಗೊಳ್ಳುವುದೆಂದರೆ ತಟ್ಟೆಯಲ್ಲಿ ಗುಟ್ಟು ಬೆರೆಸುವುದಲ್ಲ. ಗುಟ್ಟಿನಿಂದಲೇ ಹಾಳಾದ ಮನೆಗೆ ಇನ್ನೊಂದು ಗುಟ್ಟು ಏಕೆ?

ಸರ್ಕಾರದ ಲೆಕ್ಕವನ್ನೂ ನೋಡಿ. ನಮ್ಮ ರಾಜ್ಯದ 2025-26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ತಜ್ಞರು ನಡೆಸಿದ, 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ ಮದ್ಯದ ದಾಸರಾದವರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು 38 ಮಂದಿಗೆ ಒಬ್ಬರಿಗೆ, ಒಳರೋಗಿಯಾಗಿ ಸೇರಿದವರು 180ಕ್ಕೆ ಒಬ್ಬರು. ಅದೇ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಂಗಸರು ಮದ್ಯ ನಿಷೇಧಿಸಿ ಎಂದು ನಡೆದುಬಂದರು. ಅವರನ್ನು ಕಂಡು ಮರುಗಿದವರು ಬಹಳ. ಆದರೆ ಅವರ ಮಕ್ಕಳು ಅಟ್ಟದ ಮೇಲೆ ಏನು ಕಲಿಯುತ್ತಿದ್ದಾರೆಂದು ಕೇಳಿದವರು ಎಷ್ಟು ಜನ? ಒಬ್ಬ ಕೂಲಿಕಾರನ ಹೆಂಡತಿ ಎರಡು ವಾರ ಕೆಲಸ ಬಿಟ್ಟು ಆಸ್ಪತ್ರೆಯಲ್ಲಿ ಕೂತರೆ ಆ ದಿನಗಳ ಕೂಲಿ ಕೊಡುವವರು ಯಾರು? ನಿಮಗೆ ಪಿಂಚಣಿ ಇದೆ, ಮೇಷ್ಟ್ರೇ. ಬರುವುದಕ್ಕೆ ಮನಸ್ಸೊಂದೇ ಬೇಕಾಗಿರುವುದು.

ನಿಮ್ಮ ಸೊಸೆಯ ವಿಷಯ ಪತ್ರದಲ್ಲಿ ಅರ್ಧ ವಾಕ್ಯವಷ್ಟೇ ಇದೆ: ಅವಳು ಮಾತೇ ಆಡುವುದಿಲ್ಲ ಎಂದು. ಆ ಎರಡು ವಾರ ಅವಳಿಗಾಗಿಯೂ ಇದೆ ಎಂಬುದನ್ನು ನೀವು ಗಮನಿಸಿದಂತಿಲ್ಲ. ಅಲ್ಲಿ ಅವಳನ್ನು ಪ್ರತ್ಯೇಕವಾಗಿ ಕೂರಿಸಿ, ನೀನು ಹೇಗಿದ್ದೀಯಮ್ಮ ಎಂದು ಕೇಳುತ್ತಾರೆ. ಹತ್ತು ವರ್ಷದಲ್ಲಿ ಅವಳನ್ನು ಹಾಗೆ ಕೇಳಿದವರು ಇರಲಿಕ್ಕಿಲ್ಲ. ನಿಮ್ಮ ಹೆಂಡತಿಯನ್ನೂ ಕೇಳುತ್ತಾರೆ. ಅಂದು ಬಸ್ಸಿನ ಕಿಟಕಿಯಲ್ಲಿ ಅಳುತ್ತಿದ್ದ ಮಗನ ಮುಖ ಅವರಿಗೆ ಈಗಲೂ ಕಾಣುತ್ತಿರಬಹುದು. ನಿಮ್ಮ ಸರದಿ ಬಂದಾಗ ಪಾಠ ಮಾಡಲು ಹೋಗಬೇಡಿ. ಮೂವತ್ತು ವರ್ಷ ತರಗತಿಯಲ್ಲಿ ಮಾತನಾಡಿದ್ದೀರಿ, ಅಲ್ಲಿ ಕೇಳಿಸಿಕೊಳ್ಳಿ. ಅವನು ಹಾಸ್ಟೆಲಿನ ವಿಷಯ ಹೇಳಿದರೆ ನಡುವೆ ಬಾಯಿ ಹಾಕದೆ, ಆಗ ಹಾಗೇ ಇತ್ತು ಎಂದು ಸಮರ್ಥಿಸಿಕೊಳ್ಳದೆ, ಪೂರ್ತಿ ಕೇಳಿ. ಹೇಳದಿದ್ದರೆ ಒತ್ತಾಯಿಸಬೇಡಿ. ನಾನು ಅಂದು ಕೇಳಬೇಕಿತ್ತು, ಕೇಳಲಿಲ್ಲ ಎಂದಷ್ಟು ಹೇಳಿ ಸುಮ್ಮನಾಗಿ.

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ನೀವು ಹೇಳಿದ ಸೋಮವಾರ ಕಳೆದಿರುತ್ತದೆ. ಹಾಗಾಗಿ ನಿಮ್ಮ ಪತ್ರ ಬಂದ ದಿನವೇ ಸ್ಪೀಡ್ ಪೋಸ್ಟಿನಲ್ಲಿ ಒಂದು ಕಾಗದ ಹಾಕಿದ್ದೇನೆ. ಅದರಲ್ಲಿ ಬರೆದಿರುವುದು ಒಂದೇ ಸಾಲು: ಮೂವರೂ ಹೋಗಿ, ಮೊದಲ ಬಸ್ಸಿಗೇ ಹೋಗಿ.