ಪ್ರತಿಕ್ರಿಯೆ: ಕೋವಿಡ್ ನಂತರ ಅಪ್ಪ ಮನೆಯಿಂದ ಹೊರಗೇ ಬರುತ್ತಿಲ್ಲ
ಎಪ್ಪತ್ತು ದಾಟಿದ ನಿಮ್ಮ ತಂದೆ ಕೋವಿಡ್ ನಂತರ ವಾಕಿಂಗ್, ಗೆಳೆಯರು ಎಲ್ಲ ಬಿಟ್ಟಿದ್ದಾರೆ, ಈಗ ಮರೆವೂ ಶುರುವಾಗಿದೆ, ಇದು ವಯಸ್ಸಿನ ದೋಷವೇ ಎಂದು ಕೇಳಿದ್ದೀರಿ. ದಯವಿಟ್ಟು ವಯಸ್ಸಾಯಿತು ಅಂತ ಸುಮ್ಮನಾಗಬೇಡಿ.

2020ರ ಮಾರ್ಚ್‌ನಲ್ಲಿ 65 ದಾಟಿದವರು ಹೊರಗೆ ಬರಬೇಡಿ ಎಂದು ಸರ್ಕಾರ ಹೇಳಿತು, ಟಿವಿ ಹೇಳಿತು, ಮಕ್ಕಳಾದ ನಾವೂ ಹೇಳಿದೆವು. ಆಗ ಅದು ಬೇಕಿತ್ತು. ಆದರೆ ಬಾಗಿಲಾಚೆ ಅಪಾಯವಿದೆ ಎಂಬ ಭಯ ಎಷ್ಟೋ ಹಿರಿಯರ ಮನಸ್ಸಿನಿಂದ ಇನ್ನೂ ಇಳಿದಿಲ್ಲ. ಜೊತೆಗೆ ಆ ಸಾವುಗಳು! ಅಂತ್ಯಕ್ರಿಯೆಗೆ ಬೆರಳೆಣಿಕೆಯ ಜನರಿಗಷ್ಟೇ ಅವಕಾಶ. ಹಳೆಯ ಗೆಳೆಯನ ಮುಖ ನೋಡದೆ, ತಿಥಿಗೂ ಹೋಗದೆ, ಅಳಲೂ ಆಗದೆ ಉಳಿದವರು ಬಹಳ. ನಿಮ್ಮ ತಂದೆ ಯಾರನ್ನು ಕಳೆದುಕೊಂಡರು ಎಂದು ಒಮ್ಮೆ ಕೂತು ಕೇಳಿ. ನಡುವೆ ಸಮಾಧಾನ ಹೇಳಲು ಹೋಗಬೇಡಿ.

ಹಿರಿಯರಲ್ಲಿ ಖಿನ್ನತೆ ಮರೆವಾಗಿಯೂ ಕಾಣಿಸಿಕೊಳ್ಳಬಹುದು. ಮರೆವಿಗೆ ಬೇರೆ ಕಾರಣವಿದೆಯೇ ಎಂದು ತಿಳಿಯಲು ಮೊದಲು ರಕ್ತಪರೀಕ್ಷೆಯಲ್ಲಿ ಥೈರಾಯ್ಡ್, ವಿಟಮಿನ್ ಬಿ12 ನೋಡಿಸಿ. ಕಿವಿಯನ್ನೂ ಪರೀಕ್ಷಿಸಿ (ಕೇಳಿಸದವರು ಮಾತುಕತೆಯಿಂದಲೇ ದೂರ ಸರಿಯುತ್ತಾರೆ, ಇದನ್ನು ಯಾರೂ ಗಮನಿಸುವುದಿಲ್ಲ). ಆಮೇಲೆ ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. "ಬದುಕಿದ್ದು ಸಾಕು" ಅಂತ ಅವರು ಅಂದರೆ ಮಾತ್ರ ಒಂದು ದಿನವೂ ಕಾಯಬೇಡಿ.