ಕಚೇರಿಯಲ್ಲಿ ಕೊಟ್ಟ ಐನೂರು ರೂಪಾಯಿಯ ಬಗ್ಗೆ

ಮುಂಬೈಗೆ ಬಂದು ಮೂರು ತಿಂಗಳಾದ ಮೇಲೆ ನೀವು ಬರೆದ ಪತ್ರ ತಲುಪಿತು. ಬಾಡಿಗೆ, ರೈಲು, ಭಾಷೆಯ ಬಗ್ಗೆ ನೀವು ಕೇಳಿದ್ದಕ್ಕೆ ಉತ್ತರ ಚಿಕ್ಕದು. ಡೊಂಬಿವಲಿಯ ಕೋಣೆಯನ್ನು ಬಿಡಬೇಡಿ, ಇಲ್ಲಿ ನಮ್ಮವರ ಮನೆಗಳು ಸಾಕಷ್ಟಿವೆ. ಲೋಕಲ್ ರೈಲಿಗೆ ಪಾಸ್ ಮಾಡಿಸಿಕೊಳ್ಳಿ. ಮರಾಠಿ ಕೆಲವೇ ತಿಂಗಳಲ್ಲಿ ನಾಲಿಗೆಗೆ ಹತ್ತುತ್ತದೆ. ಆದರೆ ಕೊನೆಯಲ್ಲಿ ನೀವು ಹಿಂಜರಿಯುತ್ತ ಕೇಳಿದ ಪ್ರಶ್ನೆಗೆ ನಾನು ವಿವರವಾಗಿ ಉತ್ತರಿಸಲೇಬೇಕು. ವಯನಾಡಿನ ಭೂಕುಸಿತದ ಸಂತ್ರಸ್ತರಿಗಾಗಿ ಕಚೇರಿಯಲ್ಲಿ ಹಣ ಕೂಡಿಸಿದಾಗ ಐನೂರು ರೂಪಾಯಿ ಕೊಟ್ಟಿರಿ. ಸಂಬಳ ಸಾಲದಿರುವಾಗ ಕಾಣದ ಕೇರಳದವರಿಗೆ ಕೊಡುವ ಬದಲು ಜಮಖಂಡಿಯ ನಮ್ಮವರಿಗೇ ಕೊಡಬಾರದೇ, ಕೊಟ್ಟದ್ದಾದರೂ ತಲುಪುತ್ತದೆಯೇ ಎಂದು ಕೇಳಿದ್ದೀರಿ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ನಿಮ್ಮ ತಾಲ್ಲೂಕಿನ ಊರುಗಳಿಗೆ ನುಗ್ಗಿದಾಗ, ಅದೇ ಹೊಳೆಯ ನೀರು ಸಾಂಗಲಿಯ ಬೀದಿಗಳಲ್ಲೂ ನಿಂತಿತ್ತು. ನಮ್ಮ ಕಟ್ಟಡದಲ್ಲಿ ನಾವು ಎರಡೂ ಕಡೆಗೆಂದು ಹಣ ಕೂಡಿಸಿದೆವು. ಆಗ ಕೊಟ್ಟವರಲ್ಲಿ ಹೆಚ್ಚಿನವರು ಮರಾಠಿಗರು ಮತ್ತು ಗುಜರಾತಿಗಳು. ಜಮಖಂಡಿ ಎಲ್ಲಿದೆ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಈಗ ವಯನಾಡಿನ ಚೂರಲ್‌ಮಲೆಯಲ್ಲಿ ಕೊಚ್ಚಿಹೋದ ಸೇತುವೆಯ ಜಾಗದಲ್ಲಿ ಹಗಲಿರುಳು ದುಡಿದು ಬೈಲಿ ಸೇತುವೆ, ಅಂದರೆ ಬಿಡಿಭಾಗಗಳನ್ನು ಜೋಡಿಸಿ ಬೇಗ ಕಟ್ಟುವ ಉಕ್ಕಿನ ಸೇತುವೆ, ನಿಲ್ಲಿಸಿದವರು ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು. ವಯನಾಡಿನ ಗುಡ್ಡ ಕುಸಿದದ್ದು 2024ರ ಜುಲೈ 30ರಂದು. ಅದಕ್ಕೆ ಸರಿಯಾಗಿ ಹತ್ತು ವರ್ಷದ ಹಿಂದೆ, 2014ರ ಜುಲೈ 30ರಂದು, ಇದೇ ಮಹಾರಾಷ್ಟ್ರದಲ್ಲಿ, ಪುಣೆ ಜಿಲ್ಲೆಯ ಮಾಳೀಣ ಎಂಬ ಊರು ಮಣ್ಣಿನಡಿ ಹೂತುಹೋಗಿತ್ತು. ಎರಡೂ ಊರುಗಳಿರುವುದು ಸಹ್ಯಾದ್ರಿಯ ಸಾಲಿನಲ್ಲಿಯೇ. ನಮ್ಮ ಕೊಡಗೂ ಅದೇ ಸಾಲಿನಲ್ಲಿದೆ.

ಕಾಣದವರಿಗೂ ಕೊಡಬೇಕೆಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದು ರೈಲುಗಳು ನಿಂತುಹೋದಾಗ ನಾನು ಘಾಟಕೋಪರ್‌ನಿಂದ ಎದೆಮಟ್ಟದ ನೀರಿನಲ್ಲಿ ನಡೆದು ಹೊರಟಿದ್ದೆ. ಭಾಂಡುಪ್‌ನ ಒಂದು ಚಾಳಿನವರು ನನ್ನನ್ನು ಒಳಗೆ ಕರೆದು, ಒಣಬಟ್ಟೆ ಕೊಟ್ಟು, ಆ ರಾತ್ರಿ ತಮ್ಮ ಒಂದೇ ಕೋಣೆಯಲ್ಲಿ ಮಲಗಲು ಜಾಗ ಮಾಡಿಕೊಟ್ಟರು. ಅವರು ನನ್ನ ಹೆಸರನ್ನು ಕೇಳಿದ್ದು ಬೆಳಿಗ್ಗೆ ಚಹಾ ಕೊಡುವಾಗ. ಅಲ್ಲಿಯವರೆಗೂ ಈ ನಗರದಲ್ಲಿ ನಾನು ಪರಸ್ಥಳದವನೆಂಬ ಭಾವ ನನ್ನನ್ನು ಬಿಟ್ಟಿರಲಿಲ್ಲ.

ಇನ್ನು, ಕೊಟ್ಟದ್ದು ತಲುಪುವುದರ ಬಗ್ಗೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿಯನ್ನು ಕಳುಹಿಸಿ ಜನ ದಣಿದು ಮಲಗಿದ್ದಾಗ, ಲಾತೂರಿನ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ದಪ್ಪ ಕಲ್ಲುಮಣ್ಣಿನ ಗೋಡೆಗಳು ಬಿದ್ದು ಸಾವಿರಾರು ಜನ ತೀರಿಕೊಂಡರು. ನಮ್ಮ ಗಡಿಗೆ ಹತ್ತಿರದ ಉಮರ್ಗಾ ಕಡೆಗೆ ಕನ್ನಡ ಮಾತನಾಡಬಲ್ಲವರು ಬೇಕೆಂದು ನಾನು ಗೆಳೆಯರೊಂದಿಗೆ ಹೋಗಿದ್ದೆ. ಮೊದಲ ವಾರ ಲಾರಿಗಳು ಸಾಲುಗಟ್ಟಿ ಬಂದವು, ಹಳೆಯ ಬಟ್ಟೆಗಳು ರಸ್ತೆಯ ಬದಿಯಲ್ಲಿ ರಾಶಿ ಬಿದ್ದು ಮಳೆಗೆ ನೆನೆದವು. ಅಡುಗೆಯ ಪಾತ್ರೆ, ಕಂದೀಲು, ಹೊದಿಕೆ ಮಾತ್ರ ಕೇಳಿದರೂ ಸಿಗುತ್ತಿರಲಿಲ್ಲ. ಎರಡು ತಿಂಗಳ ನಂತರ ಮತ್ತೆ ಹೋದಾಗ ತಗಡಿನ ಸೂರಿನಡಿ ಚಳಿಯಲ್ಲಿ ಜನರಿದ್ದರು, ಲಾರಿಗಳಿರಲಿಲ್ಲ. ಅಂದಿನಿಂದ ನಾನು ಬಟ್ಟೆ ಕಳುಹಿಸುವುದನ್ನು ಬಿಟ್ಟು ಹಣ ಕಳುಹಿಸುತ್ತೇನೆ, ಮತ್ತು ಕೊಡಬೇಕೆಂದುಕೊಂಡ ಮೊತ್ತವನ್ನು ಎರಡು ಪಾಲು ಮಾಡಿ ಅರ್ಧವನ್ನು ಮೂರು ನಾಲ್ಕು ತಿಂಗಳ ನಂತರ, ಸುದ್ದಿ ತಣ್ಣಗಾದ ಮೇಲೆ ಕಳುಹಿಸುತ್ತೇನೆ. ಮನೆ ಕಟ್ಟುವುದು, ಮಕ್ಕಳ ಶಾಲೆ, ಕೈಕಾಲು ಕಳೆದುಕೊಂಡವರ ಚಿಕಿತ್ಸೆ, ಇವೆಲ್ಲ ಆಗ ಶುರುವಾಗುವ ಖರ್ಚುಗಳು.

ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಕ್ಯೂಆರ್ ಕೋಡ್‌ಗೆ ಹಣ ಹಾಕಬೇಡಿ. ಕೇರಳ ಮುಖ್ಯಮಂತ್ರಿಗಳ ಪರಿಹಾರ ನಿಧಿಯ ಸರ್ಕಾರಿ ತಾಣವನ್ನು ನೀವೇ ಹುಡುಕಿ ತೆರೆಯಿರಿ, ಪಿನ್ ಒತ್ತುವ ಮುನ್ನ ಫೋನಿನಲ್ಲಿ ಕಾಣುವ ಖಾತೆಯ ಹೆಸರನ್ನು ಓದಿರಿ, ರಸೀದಿಯನ್ನು ಇಟ್ಟುಕೊಳ್ಳಿ. ಕಚೇರಿಯಲ್ಲಿ ಕೂಡಿಸಿದವರನ್ನೂ ಹಣ ಎಲ್ಲಿಗೆ ಕಳುಹಿಸಿದಿರಿ ಎಂದು ಕೇಳಿ. ಹಾಗೆ ಕೇಳುವುದರಲ್ಲಿ ಸಂಕೋಚ ಬೇಡ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಕೊಟ್ಟ ಹಣಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಸಿಗುತ್ತದೆ, ಆದರೆ ನಗದಾಗಿ 2000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಸಿಗುವುದಿಲ್ಲ.

ಮನೆಗೆ ಕಳುಹಿಸುವ ಹಣದಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಬೇಡಿ, ಸಾಲ ಮಾಡಿ ಕೊಡುವುದಂತೂ ಬೇಡವೇ ಬೇಡ. ನಮ್ಮ 8.12ರ ಲೋಕಲ್‌ನ ಗೆಳೆಯರು ನಡೆಸುವ ಭಿಶಿಯಲ್ಲಿ, ಅಂದರೆ ನಮ್ಮ ಕಡೆಯ ಚೀಟಿಯಂಥ ಕೂಟದಲ್ಲಿ, ಪ್ರತಿಯೊಬ್ಬರೂ ತಿಂಗಳಿಗೆ ಐವತ್ತು ರೂಪಾಯಿಯನ್ನು ಇಂಥ ಹೊತ್ತಿಗೆಂದೇ ಬೇರೆ ತೆಗೆದಿಡುತ್ತೇವೆ. ನಿಮಗೂ ಅದು ಭಾರವಾಗಲಾರದು. ವಯನಾಡಿಗೆ ಎರಡನೆಯ ಕಂತನ್ನು ನಾವು ನವೆಂಬರ್‌ನಲ್ಲಿ ಕಳುಹಿಸುತ್ತೇವೆ. ಬರುವ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬನ್ನಿ, ಜೋಳದ ರೊಟ್ಟಿ ಮಾಡಿಸಿರುತ್ತೇನೆ. ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಅಂದೇ ಬರೆದುಕೊಳ್ಳೋಣ.